ಚಾರ್ಲಿ ಇಲ್ಲದ ಸ್ಟೋನ್ಸ್: ಹೊಸ ಆಲ್ಬಂ ಕೇಳಿದವರು ಬನ್ನಿ, ಮಾತಾಡುವ

ಹಳೇಕ್ಯಾಸೆಟ್ (ಬೆಂದೂರ್‌ವೆಲ್)
20 ಅಕ್ಟೋಬರ್ 2023, ಬೆಳಿಗ್ಗೆ 7.40

ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಹೊಸ ಆಲ್ಬಂ ‘ಹ್ಯಾಕ್ನಿ ಡೈಮಂಡ್ಸ್’ ರಾತ್ರಿ ಹನ್ನೆರಡಕ್ಕೆ ಬಂತು. ಹನ್ನೆರಡು ಹಾಡು, 48 ನಿಮಿಷ. ಇವರು ಸ್ವಂತ ಹಾಡುಗಳ ಆಲ್ಬಂ ಕೊನೆಗೆ ಮಾಡಿದ್ದು 2005ರಲ್ಲಿ. 2016ರಲ್ಲಿ ಒಂದು ಬಂದಿತ್ತು, ಅದು ಪೂರ್ತಿ ಬೇರೆಯವರ ಹಳೆಯ ಬ್ಲೂಸ್ ಹಾಡುಗಳು. ಅಂದರೆ ಹದಿನೆಂಟು ವರ್ಷ ಕಾಯಿಸಿದ್ದಾರೆ. ಹಾಡುವ ಮಿಕ್ ಜಾಗರ್‌ಗೆ ಈಗ 80. ಗಿಟಾರ್‌ನ ಕೀತ್ ರಿಚರ್ಡ್ಸ್‌ಗೆ ಡಿಸೆಂಬರ್‌ನಲ್ಲಿ 80 ಆಗುತ್ತದೆ. ಇನ್ನೊಬ್ಬ ಗಿಟಾರ್‌ನವರು ರಾನಿ ವುಡ್ ತಂಡದ ಸಣ್ಣ ಹುಡುಗ, 76.

ಆಲ್ಬಂ ಒಳ್ಳೆಯದಾ ಕೆಟ್ಟದಾ ಅಂತ ಕೇಳಲು ಈ ಚರ್ಚೆ ಶುರು ಮಾಡಿದ್ದಲ್ಲ. ಅದು ಎಲ್ಲಾ ಕಡೆ ನಡೆಯುತ್ತಾ ಉಂಟು. ನನ್ನ ತಲೆ ತಿನ್ನುತ್ತಿರುವುದು ಬೇರೆ ವಿಷಯ. ತಂಡದ ಡ್ರಮ್ಮರ್ ಚಾರ್ಲಿ ವಾಟ್ಸ್ 2021ರ ಆಗಸ್ಟ್‌ನಲ್ಲಿ ತೀರಿಕೊಂಡರು. 1963ರ ಜನವರಿಯಿಂದ ಆ ಸ್ಟೂಲ್ ಮೇಲೆ ಅವರೇ ಕೂತಿದ್ದದ್ದು. ಈ ಆಲ್ಬಂನಲ್ಲಿ ಅವರು ಎರಡೇ ಹಾಡಿನಲ್ಲಿ ಇದ್ದಾರೆ, 2019ರಲ್ಲಿ ರೆಕಾರ್ಡ್ ಮಾಡಿ ಇಟ್ಟದ್ದು. ಏಳನೆಯದು ‘ಮೆಸ್ ಇಟ್ ಅಪ್’, ಎಂಟನೆಯದು ‘ಲಿವ್ ಬೈ ದ ಸ್ವೋರ್ಡ್’. ಉಳಿದ ಕಡೆ ಡ್ರಮ್ಸ್ ಸ್ಟೀವ್ ಜೋರ್ಡನ್ ಅವರದ್ದು.

ಪ್ರಶ್ನೆ ಇಷ್ಟೇ. ಹೆಸರು ನೋಡದೆ ಕೇಳಿದರೆ ಎಲ್ಲಿ ಚಾರ್ಲಿ, ಎಲ್ಲಿ ಜೋರ್ಡನ್ ಅಂತ ನಿಮಗೆ ಗೊತ್ತಾಗುತ್ತದಾ? ಗೊತ್ತಾದರೆ ಯಾವುದರಿಂದ ಗೊತ್ತಾಗುತ್ತದೆ?

ಎರಡು ವಿನಂತಿ. ‘ಮುದುಕರು ಮನೆಯಲ್ಲಿ ಕೂತಿರಲಿ’ ಅಂತ ಬರೆಯಬೇಡಿ. ಯಕ್ಷಗಾನದ ಹೋಲಿಕೆ ತರಬೇಡಿ, ನಮ್ಮೂರಿನ ಎಲ್ಲಾ ಚರ್ಚೆ ಕೊನೆಗೆ ಅಲ್ಲೇ ಹೋಗಿ ನಿಲ್ಲುತ್ತದೆ.

ಎಂಡ್‌ಪಾಯಿಂಟ್ (ಮಣಿಪಾಲ)
20 ಅಕ್ಟೋಬರ್, ಬೆಳಿಗ್ಗೆ 8.15

ಮುದುಕರು ಮನೆಯಲ್ಲಿ ಕೂತಿರಲಿ.

ಬೇಡ ಅಂದ ಮೇಲೆ ಬರೆಯದೆ ಇರಲು ಆಗಲಿಲ್ಲ ಅಣ್ಣ. ಆದರೆ ಸುಮ್ನೆ ಹೇಳುತ್ತಿಲ್ಲ. ಮೊದಲ ಹಾಡು ‘ಆಂಗ್ರಿ’ ಕೇಳಿದೆ. ಬೈಕಿನ ಜಾಹೀರಾತಿಗೆ ಮಾಡಿದ ಹಾಗೆ ಉಂಟು. ಆ ಧ್ವನಿ 80 ವರ್ಷದವರದ್ದಾ? ಕಂಪ್ಯೂಟರ್‌ನಲ್ಲಿ ಇಸ್ತ್ರಿ ಹಾಕಿದ್ದಾರೆ.

ಪಡುಬಿದ್ರಿಪ್ಯಾಸೆಂಜರ್
20 ಅಕ್ಟೋಬರ್, ಬೆಳಿಗ್ಗೆ 9.50

ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೇಳಿಕೊಂಡು ಬಂದೆ. ಸುರತ್ಕಲ್ ದಾಟುವಾಗ ಆರನೇ ಹಾಡು. ಡ್ರಮ್ಸ್ ಯಾರದ್ದು ಅಂತ ನನ್ನನ್ನು ಕೇಳಬೇಡಿ, ನಡುನಡುವೆ ಡ್ರೈವರ್‌ನ ಹಾರ್ನ್ ಕೂಡ ತಾಳ ಹಾಕುತ್ತಿತ್ತು. ಆದರೆ ಆ ‘ಡ್ರೀಮಿ ಸ್ಕೈಸ್’ ಉಂಟಲ್ಲ, ಅದು ಭಾರೀ ಲಾಯ್ಕ. ಊರುಕೇರಿ ಬಿಟ್ಟು ದೂರ ಹೋಗಿ ಕೂರುವ ಹಾಡು. ಕೈಯಲ್ಲಿ ಒಂದು ಹಳೆಯ ಎಎಂ ರೇಡಿಯೋ, ಅದರಲ್ಲಿ ಹಳೆಯ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್. ಮೌತ್ ಆರ್ಗನ್, ಸ್ಲೈಡ್ ಗಿಟಾರ್, ಅವಸರವೇ ಇಲ್ಲ. ಮಂಗಳೂರು ಆಕಾಶವಾಣಿ ಕೇಳಿ ಬೆಳೆದ ನಮ್ಮಂಥವರಿಗೆ ಇದು ನೇರ ಒಳಗೆ ಹೋಗುತ್ತದೆ.

ಮದುವೆಡ್ರಮ್ಮರ್ (ಕುಲಶೇಖರ)
20 ಅಕ್ಟೋಬರ್, ಮಧ್ಯಾಹ್ನ 2.05

ಹಳೇಕ್ಯಾಸೆಟ್ ಅಣ್ಣ, ಒಳ್ಳೆಯ ಪ್ರಶ್ನೆ. ನಾನು ರೋಸ್ (ನಮ್ಮ ಕ್ರೈಸ್ತರಲ್ಲಿ ಮದುವೆಗೆ ಮುಂಚಿನ ಶಾಸ್ತ್ರ) ಮತ್ತು ಮದುವೆಗಳಿಗೆ ಬ್ಯಾಂಡ್‌ನಲ್ಲಿ ನುಡಿಸುವವನು. ಮಸಾಲಾ, ಬೈಲಾ, ವಾಲ್ಟ್ಸ್ ಅಂತ ಕುಣಿತದ ಹಾಡು, ನಡುವೆ ಎರಡು ಹಳೆಯ ಇಂಗ್ಲಿಷ್ ಹಾಡು, ಅಷ್ಟೇ ನಮ್ಮ ಸೆಟ್. ದೊಡ್ಡ ಕಲಾವಿದ ಅಲ್ಲ, ಆದರೆ ಚಾರ್ಲಿ ಕೈಯನ್ನು ಮಾತ್ರ ನೋಡಿ ನೋಡಿ ಕಲಿತಿದ್ದೇನೆ.

ಗೊತ್ತಾಗುವುದು ಯಾವುದರಿಂದ ಅಂದರೆ, ಬಲಗೈಯಿಂದ. ಟೇಬಲ್ ಮುಂದೆ ಕೂತಿದ್ದರೆ ಈಗಲೇ ಮಾಡಿ ನೋಡಿ. ಬಲಗೈ ಬೆರಳಿನಲ್ಲಿ ಒಂದೇ ಸಮನೆ ಬಡಿಯಿರಿ: ಒಂದು-ಮತ್ತೆ-ಎರಡು-ಮತ್ತೆ-ಮೂರು-ಮತ್ತೆ-ನಾಲ್ಕು-ಮತ್ತೆ. ಒಟ್ಟು ಎಂಟು ಏಟು. ಇದು ಹೈಹ್ಯಾಟ್, ಅಂದರೆ ಡ್ರಮ್ಮರ್‌ನ ಎಡಗಾಲ ಪೆಡಲ್ ಮೇಲೆ ಇರುವ ಜೋಡಿ ತಾಳ. ಈಗ ಎಡಗೈ ಅಂಗೈಯಿಂದ ಎರಡು ಮತ್ತು ನಾಲ್ಕರಲ್ಲಿ ಮಾತ್ರ ಹೊಡೆಯಿರಿ. ಇದು ಸ್ನೇರ್, ಅಂದರೆ ಚಟ್ ಅಂತ ಸದ್ದು ಮಾಡುವ ಡ್ರಮ್. ರಾಕ್ ಡ್ರಮ್ಮರ್‌ಗಳು ಹೆಚ್ಚಿನವರು ಹೀಗೆಯೇ ನುಡಿಸುವುದು. ಎರಡು, ನಾಲ್ಕು ಬರುವಾಗ ಎರಡೂ ಕೈ ಒಟ್ಟಿಗೆ ಬೀಳುತ್ತದೆ.

ಚಾರ್ಲಿ ಹಾಗೆ ಮಾಡುವುದಿಲ್ಲ. ಎಡಗೈ ಸ್ನೇರ್ ಮೇಲೆ ಬೀಳುವ ಹೊತ್ತಿಗೆ ಬಲಗೈ ಮೇಲೆ ಎತ್ತುತ್ತಾರೆ. ಎಂಟು ಏಟಿನ ಜಾಗದಲ್ಲಿ ಆರೇ. ಟೇಬಲ್ ಮೇಲೆ ಮಾಡಿ ನೋಡಿ, ಕೈ ಕೇಳುವುದಿಲ್ಲ, ಮಂಡೆ ಬಿಸಿ ಆಗುತ್ತದೆ. ಅಭ್ಯಾಸ ಆದ ಮೇಲೆ ಕೇಳಿದರೆ ಸ್ನೇರ್ ಏಟಿನ ಹತ್ತಿರ ಬೇರೆ ಯಾವ ಸದ್ದೂ ಇಲ್ಲ, ಅದೊಂದೇ ನಿಂತಿರುತ್ತದೆ. ಅದರ ಸುತ್ತ ಒಂಚೂರು ಜಾಗ ಉಂಟು. ವಿಡಿಯೋದಲ್ಲಿ ಅವರು ಕೋಲು ಎತ್ತುವುದು ಎದ್ದು ಕಾಣುತ್ತದೆ. ಬಾಕಿ ಮೈ ಅಲುಗಾಡುವುದೇ ಇಲ್ಲ.

ಇನ್ನೊಂದು, ಅವರು ಜಾಝ್‌ನಿಂದ ಬಂದವರು. ಎಡಗೈ ಕೋಲನ್ನು ಜಾಝ್‌ನವರ ಹಾಗೆ ಅಡ್ಡ ಹಿಡಿಯುತ್ತಾರೆ. ಡ್ರಮ್ ಇರುವುದೇ ನಾಲ್ಕು. ಸ್ಟೇಡಿಯಂ ತುಂಬಾ ಜನ ಇದ್ದರೂ ಅಷ್ಟೇ. ನಮ್ಮ ಮದುವೆ ಹಾಲ್‌ನಲ್ಲಿ ಅದಕ್ಕಿಂತ ಜಾಸ್ತಿ ಸಾಮಾನು ಇಡುತ್ತೇವೆ.

ಈಗ ‘ಮೆಸ್ ಇಟ್ ಅಪ್’ ಹಾಕಿ. ಡಿಸ್ಕೋ ತಾಳ, 1978ರಲ್ಲಿ ಅವರು ಮಾಡಿದಂಥದ್ದೇ. ಅದು ಯಾರ ಕೈಯಲ್ಲಾದರೂ ಯಂತ್ರದ ಹಾಗೆ ಆಗಬೇಕಿತ್ತು, ಆಗಲಿಲ್ಲ. ಹಗುರ ಉಂಟು. ಆಮೇಲೆ ‘ಆಂಗ್ರಿ’ಗೆ ವಾಪಸ್ ಬನ್ನಿ. ಜೋರ್ಡನ್ ಏಟು ಭಾರ, ನೆಲಕ್ಕೆ ಕಾಲೂರಿ ನಿಂತು ಹೊಡೆದ ಹಾಗೆ. ಕೆಟ್ಟದ್ದು ಅಂತ ಹೇಳುತ್ತಿಲ್ಲ, ಆಯ್ತಾ. ಕೈ ಬೇರೆ, ಅಷ್ಟೇ.

ಎಂಡ್‌ಪಾಯಿಂಟ್
20 ಅಕ್ಟೋಬರ್, ಮಧ್ಯಾಹ್ನ 3.30

ಟೇಬಲ್ ಬಡಿದು ರೂಮ್‌ಮೇಟ್ ಹತ್ತಿರ ಬೈಸಿಕೊಂಡೆ. ಆದರೂ ಒಂದು ಅನುಮಾನ. ಎರಡು ಏಟು ಬಿಟ್ಟದ್ದನ್ನು ಇಷ್ಟು ದೊಡ್ಡದು ಮಾಡಬೇಕಾ? ಈಗಿನ ಕಾಲದಲ್ಲಿ ಎಲ್ಲಾ ಏಟನ್ನೂ ಕಂಪ್ಯೂಟರ್‌ನಲ್ಲಿ ಎಳೆದು ಸಾಲಿಗೆ ಕೂರಿಸುತ್ತಾರೆ. ಪ್ರೊಡ್ಯೂಸರ್ ಆಂಡ್ರ್ಯೂ ವಾಟ್ 1990ರಲ್ಲಿ ಹುಟ್ಟಿದವರು. ಪಾಪ್ ಮಾಡಿದವರು. ಓಝಿ ಓಸ್ಬೋರ್ನ್‌ಗೂ ಇಗ್ಗಿ ಪಾಪ್‌ಗೂ ಇತ್ತೀಚೆಗೆ ಆಲ್ಬಂ ಮಾಡಿಕೊಟ್ಟದ್ದು ಅವರೇ. ಹಳೆಯ ಕಲಾವಿದರಿಗೆ ಹೊಸ ಪೈಂಟ್ ಹೊಡೆದು ಕೊಡುವುದೇ ಕೆಲಸ.

ಸೌಂಡ್‌ಪೆಟ್ಟಿಗೆ (ಸಂತೆಕಟ್ಟೆ)
20 ಅಕ್ಟೋಬರ್, ಸಂಜೆ 6.20

ಶಾಮಿಯಾನ, ಸೌಂಡ್, ಲೈಟಿಂಗ್ ನಮ್ಮ ಕೆಲಸ. ನವರಾತ್ರಿ ಆದ ಕಾರಣ ಪುರುಸೊತ್ತಿಲ್ಲ, ಚಿಕ್ಕದಾಗಿ ಹೇಳುತ್ತೇನೆ.

ಮಣಿಪಾಲದ ತಮ್ಮ ಹೇಳುವುದರಲ್ಲಿ ಅರ್ಧ ಸರಿ. ಆಲ್ಬಂನ ಮೊದಲರ್ಧ ನನ್ನ ಕಿವಿಗೆ ತುಂಬಾ ಒತ್ತಿದ ಹಾಗೆ ಕೇಳಿಸುತ್ತದೆ. ಒತ್ತುವುದು ಅಂದರೆ ಸಣ್ಣ ಸದ್ದನ್ನು ಮೇಲೆ ತಂದು, ದೊಡ್ಡ ಸದ್ದನ್ನು ಕೆಳಗೆ ತಂದು, ಎರಡನ್ನೂ ಒಂದೇ ಮಟ್ಟಕ್ಕೆ ಮಾಡುವುದು. ಕಾರಿನಲ್ಲಿ, ಮೊಬೈಲ್‌ನಲ್ಲಿ ಹಾಡು ಎದ್ದು ಬರಲಿ ಅಂತ ಹಾಗೆ ಮಾಡುತ್ತಾರೆ. ಮದುವೆಡ್ರಮ್ಮರ್ ಹೇಳಿದರಲ್ಲ, ಸ್ನೇರ್ ಸುತ್ತ ಜಾಗ ಅಂತ, ಮೊದಲು ಹೋಗುವುದೇ ಆ ಜಾಗ. ಹಾಗಾಗಿ ‘ಆಂಗ್ರಿ’ಯಲ್ಲಿ ಜೋರ್ಡನ್ ಕೈ ಭಾರ ಅನಿಸುವುದಕ್ಕೆ ಜೋರ್ಡನ್ ಒಬ್ಬರೇ ಕಾರಣ ಅಲ್ಲ. ಮಿಕ್ಸ್ ಮಾಡಿದವರದ್ದೂ ಪಾಲು ಉಂಟು.

ತಮಾಷೆ ಏನೆಂದರೆ ಇಷ್ಟು ಒತ್ತಿ ಈಗ ಲಾಭ ಕಡಿಮೆ. ಸ್ಪಾಟಿಫೈಯಂಥ ಆಪ್‌ಗಳು ಎಲ್ಲಾ ಹಾಡನ್ನೂ ಹೆಚ್ಚುಕಡಿಮೆ ಒಂದೇ ಜೋರಿಗೆ ಇಳಿಸಿ ಕೊಡುತ್ತವೆ. ಲೆಕ್ಕ ಮೈನಸ್ 14 ಲಫ್ಸ್, ಲಫ್ಸ್ ಅಂದರೆ ಹಾಡಿನ ಜೋರಿನ ಅಳತೆ. ಜೋರಾಗಿ ಮಾಡಿದ ಹಾಡನ್ನು ಅದು ತಾನೇ ತಗ್ಗಿಸುತ್ತದೆ. ಆಗ ಜೋರು ಹೋಯಿತು, ಒತ್ತಿದ್ದು ಮಾತ್ರ ಉಳಿಯಿತು.

ಕಿವಿ ಪರೀಕ್ಷೆ ಮಾಡುವುದಿದ್ದರೆ ಹನ್ನೊಂದನೇ ಹಾಡು ‘ಸ್ವೀಟ್ ಸೌಂಡ್ಸ್ ಆಫ್ ಹೆವನ್’ ಹಾಕಿ. ಏಳು ನಿಮಿಷದ ಮೇಲೆ ಉಂಟು. ಮೆಲ್ಲ ಶುರು. ಸ್ಟೀವಿ ವಂಡರ್ ಕೀಬೋರ್ಡ್, ಲೇಡಿ ಗಾಗಾ ಹಾಡು. ಮುಗಿಯಿತು ಅಂತ ನಾವು ಫೋನಿಗೆ ಕೈ ಹಾಕುವಾಗ ಮತ್ತೆ ಎದ್ದು ಬರುತ್ತದೆ. ಆ ಎದ್ದು ಬರುವ ಜಾಗದಲ್ಲಿ ಜೋರ್ಡನ್ ನುಡಿಸುವುದನ್ನು ಕೇಳಿ. ಅಲ್ಲಿ ಅವರಿಗೆ ಉಸಿರಾಡಲು ಜಾಗ ಕೊಟ್ಟಿದ್ದಾರೆ. ಆ ಮನುಷ್ಯ ಎಂಥ ಡ್ರಮ್ಮರ್ ಅಂತ ಆಗ ಗೊತ್ತಾಗುತ್ತದೆ.

ಲೌಡ್‌ಸ್ಪೀಕರ್ ಜೋರು ಇಟ್ಟು ಊರವರ ಬೈಗುಳ ತಿನ್ನುವ ನಾನೇ ಇದನ್ನು ಹೇಳಬೇಕಾ ಅಂತ ನಗಬೇಡಿ.

ಹಳೇಕ್ಯಾಸೆಟ್
20 ಅಕ್ಟೋಬರ್, ರಾತ್ರಿ 9.00

ಜಾಗರ್ ಧ್ವನಿಗೆ ಇಸ್ತ್ರಿ ಹಾಕಿದ್ದಾರೆ ಅನ್ನುವ ಮಾತಿಗೆ ಒಂದು ಉತ್ತರ. 2019ರಲ್ಲಿ ಹೃದಯದ ಕವಾಟದ ಚಿಕಿತ್ಸೆ ಆದ ಮನುಷ್ಯ ಅದೇ ವರ್ಷ ಮತ್ತೆ ಸ್ಟೇಜ್ ಹತ್ತಿದ್ದರು. ಗಂಟಲು ಇಟ್ಟುಕೊಳ್ಳುವುದು ಅವರಿಗೆ ಗೊತ್ತು. ‘ಹೋಲ್ ವೈಡ್ ವರ್ಲ್ಡ್’ ಕೇಳು ತಮ್ಮ. ಲಂಡನ್ ಬೀದಿಯ ಉಚ್ಚಾರಣೆಯಲ್ಲಿ ಒಂದೊಂದು ಶಬ್ದವನ್ನೂ ಹಲ್ಲಿನಲ್ಲಿ ಕಚ್ಚಿ ಬಿಸಾಡುತ್ತಾರೆ. ಅದನ್ನು ಯಾವ ಸಾಫ್ಟ್‌ವೇರ್ ಮಾಡಿಕೊಡುತ್ತದೆ?

ಬೇಸ್‌ಮಾತ್ರ (ಕಂಕನಾಡಿ)
20 ಅಕ್ಟೋಬರ್, ರಾತ್ರಿ 11.10

ಎಲ್ಲರೂ ಡ್ರಮ್ಸ್, ಡ್ರಮ್ಸ್. ಬೇಸ್ ಗಿಟಾರ್ ಬಗ್ಗೆ ಒಬ್ಬರಾದರೂ ಒಂದು ಮಾತು?

ಬಿಲ್ ವೈಮನ್ 1993ರಲ್ಲಿ ತಂಡ ಬಿಟ್ಟ ಮೇಲೆ ಬೇಸ್ ನುಡಿಸುತ್ತಾ ಬಂದದ್ದು ಡ್ಯಾರಿಲ್ ಜೋನ್ಸ್. ಮೂವತ್ತು ವರ್ಷದ ಹತ್ತಿರ ಆಯಿತು, ಈಗಲೂ ಟೂರ್‌ನಲ್ಲಿ ಅವರೇ. ಈ ಆಲ್ಬಂನಲ್ಲಿ ಅವರು ಇಲ್ಲ. ಪ್ರೊಡ್ಯೂಸರ್ ನುಡಿಸಿದ್ದಾರೆ, ಕೀತ್ ನುಡಿಸಿದ್ದಾರೆ, ರಾನಿ ನುಡಿಸಿದ್ದಾರೆ, ಒಂದು ಹಾಡಿಗೆ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಯನ್ನೂ ಕರೆಸಿದ್ದಾರೆ. ಮನೆಯ ಮನುಷ್ಯನನ್ನು ಮಾತ್ರ ಕರೆಯಲಿಲ್ಲ. ಇದು ನನಗೆ ಸರಿ ಕಾಣಲಿಲ್ಲ.

ಆದರೆ ‘ಲಿವ್ ಬೈ ದ ಸ್ವೋರ್ಡ್’ ಬಗ್ಗೆ ಹೇಳಲೇಬೇಕು. ಅದರಲ್ಲಿ ಬೇಸ್ ಬಿಲ್ ವೈಮನ್ ಅವರದ್ದೇ. ಚಾರ್ಲಿ ನುಡಿಸಿ ಹೋದ ಹಾಡಿಗೆ ವೈಮನ್ ಬಂದು ಬೇಸ್ ಕೊಟ್ಟಿದ್ದಾರೆ. ಎಷ್ಟು ವರ್ಷದ ಮೇಲೆ ಮಿಕ್, ಕೀತ್, ಚಾರ್ಲಿ, ಬಿಲ್ ನಾಲ್ವರೂ ಒಂದು ಹಾಡಿನಲ್ಲಿ! ಪಿಯಾನೋ ಎಲ್ಟನ್ ಜಾನ್.

ವೈಮನ್ ಹಿಂದೆ ಒಂದು ವಿಷಯ ವಿವರಿಸಿದ್ದರು. ಬೇರೆ ತಂಡಗಳಲ್ಲಿ ಎಲ್ಲರೂ ಡ್ರಮ್ಮರ್ ಹಿಂದೆ ಹೋಗುತ್ತಾರೆ. ಸ್ಟೋನ್ಸ್‌ನಲ್ಲಿ ಡ್ರಮ್ಮರ್ ಕೀತ್‌ನ ಗಿಟಾರ್ ಹಿಂದೆ ಹೋಗುತ್ತಾರೆ. ಹಾಗಾಗಿ ಡ್ರಮ್ಸ್ ಕೂದಲೆಳೆಯಷ್ಟು ತಡ, ಬೇಸ್ ಕೂದಲೆಳೆಯಷ್ಟು ಮುಂದೆ. ಬಿದ್ದೇ ಬಿಟ್ಟಿತು ಅನ್ನುವಾಗ ನಿಲ್ಲುತ್ತದೆ, ಬೀಳುವುದಿಲ್ಲ. ಸ್ಟೋನ್ಸ್ ಹಾಡನ್ನು ಬೇರೆಯವರು ನುಡಿಸಿದರೆ ಎಲ್ಲಾ ಸ್ವರ ಸರಿ ಇದ್ದರೂ ಸಪ್ಪೆ ಆಗುವುದು ಇದಕ್ಕೇ.

ಕೀತ್ ಗಿಟಾರ್‌ನಲ್ಲಿ ಇರುವುದೂ ಐದೇ ತಂತಿ. ದಪ್ಪದ ಆರನೇ ತಂತಿ ತೆಗೆದು, ಉಳಿದದ್ದನ್ನು ಜಿ-ಡಿ-ಜಿ-ಬಿ-ಡಿ ಅಂತ ಶ್ರುತಿ ಮಾಡಿಕೊಳ್ಳುತ್ತಾರೆ. 60ರ ದಶಕದ ಕೊನೆಯಿಂದ ಅವರ ದೊಡ್ಡ ಹಾಡುಗಳೆಲ್ಲ ಹೆಚ್ಚಾಗಿ ಇದರಲ್ಲೇ. ಕೆಳಗಿನ ತಂತಿ ಇಲ್ಲದ ಕಾರಣ ಬೇಸ್‌ಗೆ ಜಾಗ ಸಿಗುತ್ತದೆ. ಈಗ ಅವರ ಕೈಗೆ ಸಂಧಿವಾತ, ಬೆರಳು ಮೊದಲಿನ ಹಾಗೆ ಓಡುವುದಿಲ್ಲ ಅಂತ ಅವರೇ ಹೇಳಿದ್ದಾರೆ. ನನಗೆ ಕೇಳಿದರೆ ಅದರಿಂದ ನಷ್ಟ ಆಗಲಿಲ್ಲ. ಕಡಿಮೆ ನುಡಿಸುತ್ತಾರೆ, ಜಾಗ ಜಾಸ್ತಿ ಬಿಡುತ್ತಾರೆ.

ಎಂಡ್‌ಪಾಯಿಂಟ್
20 ಅಕ್ಟೋಬರ್, ರಾತ್ರಿ 11.40

ಮೆಕಾರ್ಟ್ನಿ ಇರುವ ಹಾಡು ‘ಬೈಟ್ ಮೈ ಹೆಡ್ ಆಫ್’ ಈಗ ಕೇಳಿದೆ. ಸರಿ, ಇದೊಂದು ಲಾಯ್ಕ ಉಂಟು. ಆ ಬೇಸ್ ಸೋಲೋ ಹರಿದ ಸ್ಪೀಕರ್‌ನಿಂದ ಬಂದ ಹಾಗೆ ಗರಗರ ಅನ್ನುತ್ತದೆ. ನಮ್ಮ ಕಾಲೇಜ್ ಫೆಸ್ಟ್‌ನಲ್ಲಿ ಹುಡುಗರು ನುಡಿಸುವ ಪಂಕ್ ಹಾಡಿನ ಹಾಗೆ ಉಂಟು, 80 ದಾಟಿದವರು ನುಡಿಸಿದ್ದು ಅಂತ ಹೇಳಿದರೆ ರೂಮ್‌ಮೇಟ್ ನಂಬಲಿಲ್ಲ.

ಉಳಿದ ಮಾತು ವಾಪಸ್ ತೆಗೆಯುವುದಿಲ್ಲ.

ಬಲ್ಮಠದಅಕ್ಕ
21 ಅಕ್ಟೋಬರ್, ಬೆಳಿಗ್ಗೆ 10.30

ಇಲ್ಲಿ ಎಲ್ಲರೂ ಚಾರ್ಲಿಯನ್ನು ವಿಡಿಯೋದಲ್ಲಿ ನೋಡಿದವರು. ನಾನು ನೇರ ನೋಡಿದ್ದೇನೆ. 2003ರ ಏಪ್ರಿಲ್ 4, ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸ್. ಸ್ಟೋನ್ಸ್ ಭಾರತದಲ್ಲಿ ನುಡಿಸಿದ್ದು ಆಗಲೇ. ಬೆಂಗಳೂರಿನಲ್ಲಿ ಒಂದು, ಮೂರು ದಿನ ಬಿಟ್ಟು ಮುಂಬೈಯಲ್ಲಿ ಒಂದು.

ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಹೋದದ್ದು. ನನ್ನ ಅಣ್ಣ ಮತ್ತು ಅವನ ಇಬ್ಬರು ದೋಸ್ತಿಗಳು. ಹುಡುಗಿ ಒಬ್ಬಳು ರಾಕ್ ಕಾರ್ಯಕ್ರಮಕ್ಕೆ ಹೋಗುವುದಾ ಅಂತ ಮನೆಯಲ್ಲಿ ದೊಡ್ಡ ಮಾತುಕತೆ ಆಗಿತ್ತು. ನಮ್ಮಲ್ಲಿ ಸ್ಟೋನ್ಸ್ ಬಂದದ್ದೇ ಶಿಪ್ಪಿನಲ್ಲಿದ್ದ ಮಾಮನಿಂದ. ರಜೆಗೆ ಬರುವಾಗ ಸೋಪು, ಚಾಕಲೇಟ್ ಜೊತೆ ಕ್ಯಾಸೆಟ್ ತರುತ್ತಿದ್ದರು. ‘ನಾನೇ ತಂದ ಕ್ಯಾಸೆಟ್, ನಾನೇ ಜವಾಬ್ದಾರಿ’ ಅಂತ ಹೇಳಿ ಕಳಿಸಿಕೊಟ್ಟದ್ದು ಅವರೇ.

ಎಲ್ಲರೂ ಮಿಕ್ ಓಡುವುದನ್ನು ನೋಡುತ್ತಿದ್ದರು. ನೋಡಲೇಬೇಕು, ಆಗಲೇ 59 ವಯಸ್ಸು, ಸ್ಟೇಜಿನ ಆ ತುದಿಯಿಂದ ಈ ತುದಿಗೆ. ಆದರೆ ಪರದೆ ಮೇಲೆ ನಡುನಡುವೆ ಚಾರ್ಲಿ ಮುಖ ತೋರಿಸುತ್ತಿದ್ದರು. ಆ ಮುಖದಲ್ಲಿ ಏನೂ ಇಲ್ಲ. ಬೆವರು ಇಲ್ಲ, ನಗು ಇಲ್ಲ. ತಲೆ ಒಂಚೂರು ಎಡಕ್ಕೆ ತಿರುಗಿರುತ್ತದೆ, ಕಣ್ಣು ಕೀತ್ ಮೇಲೆ. ಬೇಸ್‌ಮಾತ್ರ ಹೇಳಿದ್ದು ಓದಿದಾಗ ನನಗೆ ಆ ಕಣ್ಣೇ ನೆನಪಾಯಿತು. ಜನ ಕಿರುಚುತ್ತಿದ್ದದ್ದು ಅವರಿಗೆ ಸಂಬಂಧವೇ ಇಲ್ಲದ ವಿಷಯ. ತಂಡದವರನ್ನು ಪರಿಚಯ ಮಾಡುವಾಗ ಅವರ ಹೆಸರಿಗೆ ಎಲ್ಲರಿಗಿಂತ ದೊಡ್ಡ ಚಪ್ಪಾಳೆ, ಪಾಪ, ನಾಚಿಕೊಂಡು ಕೈ ಎತ್ತಿ ಕೂತುಬಿಟ್ಟರು.

ಹಾಗಾಗಿ ನನಗೆ ಈ ಆಲ್ಬಂನ ಏಳು, ಎಂಟನೇ ಹಾಡು ಕೇಳುವಾಗ ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಜೋರ್ಡನ್ ಬಗ್ಗೆ ಮಾತ್ರ ಒಂದು ಹೇಳುತ್ತೇನೆ. ಅವರನ್ನು ಯಾರೋ ಹೊರಗಿನವರು ಅಂತ ನೋಡಬೇಡಿ. ಕೀತ್ ತನ್ನದೇ ಬೇರೆ ತಂಡ ಕಟ್ಟಿ 1988ರಲ್ಲಿ ಆಲ್ಬಂ ತಂದಾಗ ಡ್ರಮ್ಸ್‌ನಲ್ಲಿ ಕೂತವರು ಅವರೇ. ಬೇರೆಯವರ ಜೊತೆ ಕೆಲಸ ಮಾಡುವುದಾದರೆ ಸ್ಟೀವ್ ಜೋರ್ಡನ್ ಸರಿಯಾದ ಜನ ಅಂತ ಕೀತ್‌ಗೆ ಹೇಳಿದ್ದು ಸ್ವತಃ ಚಾರ್ಲಿ. 2021ರ ಟೂರ್‌ಗೆ ಬರಲು ಆಗುವುದಿಲ್ಲ ಅಂದಾಗಲೂ ಚಾರ್ಲಿ ಜಾಗಕ್ಕೆ ಬಂದದ್ದು ಅವರೇ.

ಮದುವೆಡ್ರಮ್ಮರ್
21 ಅಕ್ಟೋಬರ್, ಬೆಳಿಗ್ಗೆ 11.00

ಅಕ್ಕ, ನೀವು ಇಷ್ಟು ವರ್ಷ ಎಲ್ಲಿದ್ದಿರಿ! ಚಾರ್ಲಿ ಕಾಲು ಕಾಣಿಸುತ್ತಿತ್ತಾ? ಹೈಹ್ಯಾಟ್ ಪೆಡಲ್ ಮೇಲೆ ಹಿಮ್ಮಡಿ ಎತ್ತುತ್ತಿದ್ದರಾ?

ಬಲ್ಮಠದಅಕ್ಕ
21 ಅಕ್ಟೋಬರ್, ಬೆಳಿಗ್ಗೆ 11.20

ಮಾರಾಯ, ನಾನಿದ್ದ ಜಾಗದಿಂದ ಮುಂದಿನವರ ತಲೆ ಕಾಣಿಸಿದ್ದೇ ಹೆಚ್ಚು.

ತಾಸೆಪೆಟ್ಟು (ಉರ್ವ)
22 ಅಕ್ಟೋಬರ್, ಬೆಳಗಿನ ಜಾವ 1.15

ಪಿಲಿವೇಷದ (ಹುಲಿವೇಷದ) ತಾಸೆ ಸೆಟ್‌ನವನು ನಾನು, ತಾಸೆ ಅಂದರೆ ಕೋಲಿನಿಂದ ಬಾರಿಸುವ ಚರ್ಮವಾದ್ಯ. ದಸರಾ ಮುಗಿಯುವವರೆಗೆ ನಿದ್ದೆ ಇಲ್ಲ. ಕೈ ನೋವಿಗೆ ಎಣ್ಣೆ ಹಚ್ಚಿ ಕೂತು ಇದನ್ನೆಲ್ಲ ಓದಿದೆ. ರಾಕ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ಆದರೆ ಈ ವಿಷಯ ಮಾತ್ರ ಗೊತ್ತು. ಯಕ್ಷಗಾನ ಅಲ್ಲವಲ್ಲ, ಹೇಳಬಹುದಲ್ವಾ?

ನಮ್ಮ ಸೆಟ್‌ನಲ್ಲಿ ಡೋಲು ಬಾರಿಸುವ ಹಿರಿಯರೊಬ್ಬರು ಈಗ ಬರುವುದಿಲ್ಲ, ಮೊಣಕಾಲು ಹೋಗಿದೆ. ಅವರ ಜಾಗಕ್ಕೆ ಬಂದ ಹುಡುಗ ಅವರಿಗಿಂತ ಜೋರು, ಅವರಿಗಿಂತ ಸರಿ. ಲೆಕ್ಕ ತಪ್ಪುವುದೇ ಇಲ್ಲ. ಮೊದಲ ದಿನ ಹುಲಿ ವೇಷದವರು ಎರಡು ಸುತ್ತು ಕುಣಿದು ನಿಂತುಬಿಟ್ಟರು. ಏನಾಯಿತು ಅಂದರೆ ‘ಕಾಲು ಇಡಲು ಜಾಗ ಸಿಗುತ್ತಿಲ್ಲ’ ಅಂದರು. ಹಳಬರು ಹುಲಿಯ ಕಾಲು ನೋಡಿ ಬಾರಿಸುತ್ತಿದ್ದರು. ಹುಡುಗ ತಾಳ ನೋಡಿ ಬಾರಿಸುತ್ತಿದ್ದ. ಈಗ ಎರಡು ವರ್ಷ ಆಯಿತು, ಅವನೂ ಕಾಲು ನೋಡಲು ಕಲಿತಿದ್ದಾನೆ. ಆದರೆ ಕುಣಿತ ಮೊದಲಿನದ್ದಲ್ಲ. ಹುಲಿಗಳೂ ಸ್ವಲ್ಪ ಬದಲಾಗಬೇಕಾಯಿತು.

ನೀವು ಚಾರ್ಲಿ ಎಲ್ಲಿ, ಜೋರ್ಡನ್ ಎಲ್ಲಿ ಅಂತ ಹುಡುಕುತ್ತಾ ಇದ್ದೀರಿ. ಕೀತ್ ಎಲ್ಲಿ ಬದಲಾದರು ಅಂತ ಯಾರಾದರೂ ಕೇಳಿದಿರಾ?

ಹಳೇಕ್ಯಾಸೆಟ್
22 ಅಕ್ಟೋಬರ್, ಬೆಳಿಗ್ಗೆ 8.00

ಇದು ಬರೆದದ್ದು ಬೆಳಗಿನ ಜಾವ ಒಂದೂಕಾಲಿಗಾ? ನೀವು ಹಗಲು ಬರೆದರೆ ನಮ್ಮ ಕಥೆ ಏನು.

ಹೌದು, ಈ ಕಡೆಯಿಂದ ನಾನು ಯೋಚನೆ ಮಾಡಿರಲಿಲ್ಲ. ಈಗ ‘ಡ್ರೈವಿಂಗ್ ಮಿ ಟೂ ಹಾರ್ಡ್’ ಮತ್ತೆ ಕೇಳಿದೆ. ಶುರುವಾಗುವಾಗ ಗಿಟಾರ್ 1972ರ ಹಾಡುಗಳ ಹಾಗೆಯೇ, ಸ್ವಲ್ಪ ಸೋಮಾರಿ. ಡ್ರಮ್ಸ್ ಬಂದ ಮೇಲೆ ಕೀತ್ ಗಿಟಾರ್ ನೇರ ಆಗುತ್ತದೆ. ಹಿಂದೆ ಅವರು ಬೇಕಾದ ಕಡೆ ಹೋಗುತ್ತಿದ್ದರು, ಚಾರ್ಲಿ ಹಿಂದಿನಿಂದ ಬಂದು ಸೇರಿಕೊಳ್ಳುತ್ತಿದ್ದರು. ಇಲ್ಲಿ ಕೀತ್ ಡ್ರಮ್ಸ್‌ಗೆ ಕಿವಿ ಕೊಟ್ಟು ನುಡಿಸುತ್ತಿದ್ದಾರೆ ಅಂತ ನನಗೆ ಅನಿಸುತ್ತದೆ. ಸ್ಟೋನ್ಸ್‌ನಲ್ಲಿ ಆರು ದಶಕದ ಹತ್ತಿರ ಒಬ್ಬನೇ ಡ್ರಮ್ಮರ್ ಜೊತೆ ನುಡಿಸಿದವನಿಗೆ ಈ ವಯಸ್ಸಿನಲ್ಲಿ ಇದು ಸಣ್ಣ ಕೆಲಸ ಅಲ್ಲ.

ಅದಕ್ಕೇ ಮಿಕ್ ಗಡುವು ಹಾಕಿದ್ದು ಒಳ್ಳೆಯದೇ ಆಯಿತು. ವರ್ಷಗಟ್ಟಲೆ ಅಲ್ಲಿ ಇಲ್ಲಿ ರೆಕಾರ್ಡ್ ಮಾಡಿ ಏನೂ ಮುಗಿಸದೆ ಇದ್ದವರು, 2023ರ ಫೆಬ್ರವರಿ 14ರೊಳಗೆ ಆಲ್ಬಂ ಮುಗಿಯಬೇಕು ಅಂತ ದಿನ ಗೊತ್ತು ಮಾಡಿ ಕೂತರು. ಹಾಗೆ ಮಾಡದಿದ್ದರೆ ಇನ್ನೂ ಹದಿನೆಂಟು ವರ್ಷ ಹೋಗುತ್ತಿತ್ತು.

ಮಳೆಗಾಲದಪ್ಲೇಟ್ (ಮಲ್ಪೆ)
22 ಅಕ್ಟೋಬರ್, ಬೆಳಿಗ್ಗೆ 9.15

ಇದರ ಎಲ್‌ಪಿ (ಗ್ರಾಮಫೋನ್ ಪ್ಲೇಟ್) ತರಿಸಿದವರು ಯಾರಾದರೂ ಉಂಟಾ? ನಾನು ಬೇರೊಂದು ಪ್ಲೇಟ್ ಆನ್‌ಲೈನ್‌ನಲ್ಲಿ ತರಿಸಿದ್ದೆ, ಹಪ್ಪಳದ ಹಾಗೆ ಬಗ್ಗಿ ಬಂತು. ಕಡಲ ಹತ್ತಿರ ಮನೆ, ಉಳಿದವಕ್ಕೆಲ್ಲ ಬೂಷ್ಟು.

ಸೌಂಡ್‌ಪೆಟ್ಟಿಗೆ
22 ಅಕ್ಟೋಬರ್, ಬೆಳಿಗ್ಗೆ 9.40

ಬಗ್ಗಿದ್ದನ್ನು ವಾಪಸ್ ಕಳಿಸಿ, ಮನೆಯಲ್ಲಿ ಸರಿ ಮಾಡಲು ಹೋಗಬೇಡಿ. ಉಳಿದವನ್ನು ಮಲಗಿಸಬೇಡಿ, ನೇರ ನಿಲ್ಲಿಸಿ. ಮಳೆ ಹೊಡೆಯುವ ಗೋಡೆಗೆ ತಾಗಿಸಿ ಇಡಬೇಡಿ. ಒಳಗಿನ ಕಾಗದದ ಕವರ್ ತೆಗೆದು ಪ್ಲಾಸ್ಟಿಕ್ ಒಳಕವರ್ ಹಾಕಿ, ಕಾಗದವೇ ತೇವ ಹೀರುವುದು. ಕಪಾಟಿನಲ್ಲಿ ಸಿಲಿಕಾ ಜೆಲ್ ಇಡಿ. ಮುಂದಿನ ಪ್ರಶ್ನೆ ಬೇರೆ ಚರ್ಚೆಯಲ್ಲಿ ಕೇಳಿ, ಇಲ್ಲಿ ವಿಷಯ ತಪ್ಪುತ್ತದೆ.

ಮದುವೆಡ್ರಮ್ಮರ್
22 ಅಕ್ಟೋಬರ್, ಸಂಜೆ 5.30

ಪೂಜೆ ಮುಗಿಸಿ ನಮ್ಮ ಬ್ಯಾಂಡ್‌ನವರೆಲ್ಲ ಪ್ರಾಕ್ಟೀಸ್‌ಗೆ ಸೇರಿದ್ದರು. ಹಳೇಕ್ಯಾಸೆಟ್ ಅಣ್ಣನ ಪರೀಕ್ಷೆ ಮಾಡಿಯೇ ಬಿಟ್ಟೆ. ಆಲ್ಬಂ ಇನ್ನೂ ಕೇಳದವರಿಗೆ ಮಾತ್ರ. ಆರರಿಂದ ಒಂಬತ್ತನೇ ಹಾಡಿನವರೆಗೆ ಹಿಂದೆ ಮುಂದೆ ಮಾಡಿ ಹಾಕಿದೆ, ಹೆಸರು ತೋರಿಸಲಿಲ್ಲ.

‘ಮೆಸ್ ಇಟ್ ಅಪ್’ ಚಾರ್ಲಿ ಅಂತ ಹೆಚ್ಚಿನವರು ಸರಿ ಹೇಳಿದರು. ‘ಲಿವ್ ಬೈ ದ ಸ್ವೋರ್ಡ್’ನಲ್ಲಿ ಅರ್ಧಕ್ಕರ್ಧ. ಮಜಾ ಆದದ್ದು ‘ಡ್ರೈವಿಂಗ್ ಮಿ ಟೂ ಹಾರ್ಡ್’ನಲ್ಲಿ. ನಮ್ಮ ಟ್ರಂಪೆಟ್‌ನವರು, ಎಪ್ಪತ್ತು ದಾಟಿದವರು, ಕಣ್ಣು ಮುಚ್ಚಿ ಕೇಳಿ ‘ಇದು ನೂರಕ್ಕೆ ನೂರು ಚಾರ್ಲಿ’ ಅಂದರು. ಜೋರ್ಡನ್ ಅಂದರೆ ಒಪ್ಪಲೇ ಇಲ್ಲ. ಫೋನ್ ತೋರಿಸಿದ ಮೇಲೆ ‘ಬರೆದವರಿಗೆ ತಪ್ಪಿದೆ’ ಅಂದರು.

ಎಂಡ್‌ಪಾಯಿಂಟ್
22 ಅಕ್ಟೋಬರ್, ಸಂಜೆ 5.50

ಅಲ್ಲಿಗೆ ನನ್ನ ಮಾತೇ ಗೆದ್ದಿತು ಅಲ್ವಾ? ಕೇಳುವವನಿಗೆ ವ್ಯತ್ಯಾಸ ಗೊತ್ತಾಗದಿದ್ದರೆ ವ್ಯತ್ಯಾಸ ಇಲ್ಲ.

ಬಲ್ಮಠದಅಕ್ಕ
22 ಅಕ್ಟೋಬರ್, ರಾತ್ರಿ 8.30

ಇಲ್ಲ ತಮ್ಮ. ಆ ಟ್ರಂಪೆಟ್‌ನವರು ಕೇಳಿದ್ದು ಕೀತ್‌ನ ಗಿಟಾರ್. ಆ ಗಿಟಾರ್ ಕೇಳಿದ ಮೇಲೆ ಪಕ್ಕದಲ್ಲಿ ಚಾರ್ಲಿ ಇಲ್ಲದೆ ಇರಲು ಸಾಧ್ಯ ಇಲ್ಲ ಅಂತ ಅವರ ಕಿವಿ ತೀರ್ಮಾನ ಮಾಡಿತು. ವ್ಯತ್ಯಾಸ ಉಂಟು, ಅದನ್ನು ಜೋರ್ಡನ್ ಮುಚ್ಚಿಟ್ಟಿದ್ದಾರೆ. ಅವರು ಹೆಚ್ಚಿನ ಕಡೆ ತಮ್ಮದೇ ಕೈ ತೋರಿಸಿ, ಬೇಕಾದ ಕಡೆ ಹಳಬನ ಜಾಗಕ್ಕೆ ಮರ್ಯಾದೆ ಕೊಟ್ಟಿದ್ದಾರೆ.

ಕೊನೆಯ ಹಾಡಿನ ಬಗ್ಗೆ ಯಾರೂ ಬರೆಯಲಿಲ್ಲ, ಆಶ್ಚರ್ಯ. ಹನ್ನೆರಡನೆಯದು ‘ರೋಲಿಂಗ್ ಸ್ಟೋನ್ ಬ್ಲೂಸ್’. ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1950ರಲ್ಲಿ ಮಾಡಿದ ಹಾಡು, ಇವರ ತಂಡಕ್ಕೆ ಹೆಸರು ಬಂದದ್ದೇ ಅದರಿಂದ. 1961ರಲ್ಲಿ ಡಾರ್ಟ್‌ಫರ್ಡ್ ರೈಲ್ವೆ ಸ್ಟೇಷನ್‌ನಲ್ಲಿ ಕೀತ್, ಮಿಕ್ ಕೈಯಲ್ಲಿದ್ದ ಪ್ಲೇಟ್‌ಗಳನ್ನು ನೋಡಿ ಮಾತಿಗೆ ನಿಂತದ್ದು. ಚಕ್ ಬೆರ್ರಿ ಒಂದು, ಮಡ್ಡಿ ವಾಟರ್ಸ್ ಒಂದು. ಅಷ್ಟು ಹಳೆಯ ನಂಟು ಇರುವ ಹಾಡನ್ನು ಇವರು ಇಲ್ಲಿಯವರೆಗೆ ರೆಕಾರ್ಡ್ ಮಾಡಿರಲೇ ಇಲ್ಲ. ಈಗ ಮಾಡಿದ್ದಾರೆ, ಇಬ್ಬರೇ. ಕೀತ್ ಗಿಟಾರ್, ಮಿಕ್ ಹಾಡು ಮತ್ತು ಮೌತ್ ಆರ್ಗನ್. ಡ್ರಮ್ಸ್ ಇಲ್ಲವೇ ಇಲ್ಲ. ಯಾರನ್ನೂ ಕೂರಿಸಲಿಲ್ಲ.

ಸೌಂಡ್‌ಪೆಟ್ಟಿಗೆ
22 ಅಕ್ಟೋಬರ್, ರಾತ್ರಿ 10.45

ಅಕ್ಕ, ಅದಕ್ಕೆ ಅಷ್ಟು ಅರ್ಥ ಕಟ್ಟಬೇಕಾ ಅಂತ ನನಗೆ ಅನುಮಾನ. ಮಡ್ಡಿ ವಾಟರ್ಸ್ ಅದನ್ನು ಹಾಡಿದ್ದೇ ಒಂದು ಗಿಟಾರ್ ಹಿಡಿದು, ಅದರಲ್ಲೂ ಡ್ರಮ್ಸ್ ಇಲ್ಲ. ಇವರು ಹಾಗೆಯೇ ಮಾಡಿದ್ದಾರೆ. ಆದರೆ ಇಡೀ ಆಲ್ಬಂನಲ್ಲಿ ಧ್ವನಿ ಅತಿ ಚೆನ್ನಾಗಿರುವ ಹಾಡು ಅದೇ. ಒಂದು ಕೋಣೆ, ಇಬ್ಬರು, ಒಂಚೂರು ಗೊರಗೊರ. ಇಡೀ ಆಲ್ಬಂ ಹೀಗೆ ಮಾಡಿದ್ದರೆ ನಾನು ಎರಡು ಪ್ರತಿ ತೆಗೆದುಕೊಳ್ಳುತ್ತಿದ್ದೆ.

ತಾಸೆಪೆಟ್ಟು
25 ಅಕ್ಟೋಬರ್, ಮಧ್ಯಾಹ್ನ 1.00

ಕುದ್ರೋಳಿ ದಸರಾ ಮೆರವಣಿಗೆ ಮುಗಿಯಿತು, ಈಗ ಎದ್ದೆ. ಪೂರ್ತಿ ಆಲ್ಬಂ ಮೊದಲ ಸಲ ಕೇಳುತ್ತಿದ್ದೇನೆ. ಕಿವಿಯೊಳಗೆ ಇನ್ನೂ ತಾಸೆ ಇರುವ ಕಾರಣ ಎಲ್ಲಾ ಹಾಡೂ ನಿಧಾನ ಅನಿಸುತ್ತಿದೆ. ಕೀತ್ ಹಾಡಿದ ಒಂದು ಸಣ್ಣ ಹಾಡು ಉಂಟಲ್ಲ, ‘ಟೆಲ್ ಮಿ ಸ್ಟ್ರೇಟ್’, ಅದು ಮಾತ್ರ ಸರಿಯಾದ ಹೊತ್ತಿಗೆ ಸಿಕ್ಕಿತು.

ಹಳೇಕ್ಯಾಸೆಟ್
3 ಫೆಬ್ರವರಿ 2025, ಬೆಳಿಗ್ಗೆ 11.30

ಹಳೆಯ ಚರ್ಚೆ ಮೇಲೆ ತರುತ್ತಿದ್ದೇನೆ, ಬೈಯಬೇಡಿ. ‘ಹ್ಯಾಕ್ನಿ ಡೈಮಂಡ್ಸ್’ಗೆ ಬೆಸ್ಟ್ ರಾಕ್ ಆಲ್ಬಂ ಗ್ರ್ಯಾಮಿ ಬಂತು. ಮಣಿಪಾಲದ ತಮ್ಮ ಎಲ್ಲಿ?

ಎಂಡ್‌ಪಾಯಿಂಟ್
3 ಫೆಬ್ರವರಿ 2025, ಮಧ್ಯಾಹ್ನ 1.10

ಬೆಂಗಳೂರಿನಲ್ಲಿ ಕೆಲಸ ಅಣ್ಣ, ಟ್ರಾಫಿಕ್‌ನಲ್ಲಿ ಇದ್ದೇನೆ. ಗ್ರ್ಯಾಮಿ ವಯಸ್ಸು ನೋಡಿ ಕೊಡುತ್ತಾರೆ. ‘ಆಂಗ್ರಿ’ ಈಗಲೂ ಬೈಕಿನ ಜಾಹೀರಾತೇ. ಏಳನೇ ಹಾಡು ಮಾತ್ರ ನನ್ನ ಫೋನಿನಲ್ಲಿ ಉಂಟು.

ಮದುವೆಡ್ರಮ್ಮರ್
3 ಫೆಬ್ರವರಿ 2025, ರಾತ್ರಿ 9.45

ನಮ್ಮ ಸೆಟ್‌ನಲ್ಲೂ ಉಂಟು ತಮ್ಮ! ಕಳೆದ ತಿಂಗಳು ಒಂದು ಮದುವೆಯಲ್ಲಿ ‘ಮೆಸ್ ಇಟ್ ಅಪ್’ ನುಡಿಸಿದೆವು. ಎರಡು, ನಾಲ್ಕರಲ್ಲಿ ಬಲಗೈ ಎತ್ತಿಯೇ ನುಡಿಸಿದೆ. ಯಾರೂ ಗಮನಿಸಲಿಲ್ಲ, ಎಲ್ಲರೂ ಕುಣಿದರು. ಮುಗಿದ ಕೂಡಲೇ ಮದುಮಗಳ ಅಪ್ಪ ಸ್ಟೇಜ್ ಹತ್ತಿರ ಬಂದು ‘ಲಾಯ್ಕ ಆಯಿತು, ಇನ್ನು ಬೈಲಾ ಹಾಕಿ’ ಅಂದರು.

ಬೇಸ್‌ಮಾತ್ರ
3 ಫೆಬ್ರವರಿ 2025, ರಾತ್ರಿ 10.05

ಬೇಸ್ ಯಾರು ನುಡಿಸಿದ್ದು?

ಮದುವೆಡ್ರಮ್ಮರ್
3 ಫೆಬ್ರವರಿ 2025, ರಾತ್ರಿ 10.20

ಕೀಬೋರ್ಡ್‌ನವನ ಎಡಗೈ. ನೀವು ಬರುವುದಾದರೆ ಏಪ್ರಿಲ್‌ನಲ್ಲಿ ಈಸ್ಟರ್ ಆದ ಮೇಲೆ ಮದುವೆ ಸಾಲಾಗಿ ಉಂಟು. ಮೆಸೇಜ್ ಮಾಡಿ.